ಹೆಸರು ಗೊತ್ತಿರುವ ಮಾತ್ರೆ

ನ್ಯಾಮತಿಯಿಂದ ಸವಳಂಗದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡವ್ವನ ಮನೆ. ವಯಸ್ಸು ಎಪ್ಪತ್ತು ದಾಟಿದೆ. ಮೆಕ್ಕೆಜೋಳ ಮುರಿಯುವ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಅವಳಿಗೆ ತುರುಬು ಕಟ್ಟಿಕೊಳ್ಳಲು ಆಗಲಿಲ್ಲ. ಎರಡೂ ಕೈ ಹೆಗಲಿನ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟವು. ಹದಿನೈದು ದಿನ ಕಳೆಯುವಷ್ಟರಲ್ಲಿ ನೋವು ಕುತ್ತಿಗೆ, ಸೊಂಟ, ತೊಡೆಗಳಿಗೂ ಇಳಿಯಿತು. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಮಂಚದ ಪಟ್ಟಿ ಹಿಡಿದು ಎಳೆದುಕೊಳ್ಳಬೇಕು. ಬಚ್ಚಲಲ್ಲಿ ತಂಬಿಗೆ ಎತ್ತಿ ತಲೆಗೆ ನೀರು ಹುಯ್ದುಕೊಳ್ಳಲು ಆಗದೆ ಸೊಸೆಯನ್ನು ಕೂಗಬೇಕು.

ಆದರೆ ಮಧ್ಯಾಹ್ನ ಹನ್ನೆರಡು ದಾಟಿದರೆ ಅದೇ ದೊಡ್ಡವ್ವ ಅಂಗಳಕ್ಕೆ ಬಂದು ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದಳು. ಮನೆಯವರಿಗೆ ಇದು ಅರ್ಥವಾಗಲಿಲ್ಲ. “ಬೆಳಿಗ್ಗೆ ಏಳಾಕೆ ಆಗಲ್ಲ ಅಂತಾಳೆ, ಊಟದ ಹೊತ್ತಿಗೆ ಎಲ್ಲಾ ಸರಿ ಇರ್ತಾಳೆ” ಎಂದು ಮಗನೇ ಒಮ್ಮೆ ಅಂದುಬಿಟ್ಟ. ನಾನು ಹೋದಾಗ ಅವಳು ಕೇಳಿದ್ದು ಒಂದೇ ಮಾತು: “ಈ ವಯಸ್ಸಿನಾಗೆ ನಾನು ನಾಟಕ ಆಡ್ತೀನೇನೋ ತಮ್ಮಾ?”

ಆಡುತ್ತಿರಲಿಲ್ಲ. ಬೆಳಿಗ್ಗೆ ಮೈ ಮರದ ತುಂಡಿನಂತೆ ಬಿಗಿಯುವುದು, ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಸಡಿಲವಾಗದಿರುವುದು, ಹೊತ್ತು ಏರಿದಂತೆ ತಾನಾಗಿ ಬಿಡುವುದು, ಇದೇ ಆ ಕಾಯಿಲೆಯ ಗುರುತು. ದಿನವಿಡೀ ದುಡಿದು ಬರುವ ಮೈಕೈ ನೋವು ಸಂಜೆಗೆ ಹೆಚ್ಚಾಗುತ್ತದೆ, ರಾತ್ರಿಯ ವಿಶ್ರಾಂತಿಯಲ್ಲಿ ಇಳಿಯುತ್ತದೆ. ಉರಿಯೂತದ ನೋವು ಇದಕ್ಕೆ ಉಲ್ಟಾ. ವಿಶ್ರಾಂತಿಯಲ್ಲಿ ಬಿಗಿಯುತ್ತದೆ, ಓಡಾಡಿದರೆ ಬಿಡುತ್ತದೆ. ಮನೆಯವರಿಗೆ ಸಂಶಯ ತಂದ ಸಂಗತಿಯೇ ವೈದ್ಯರಿಗೆ ದಾರಿ ತೋರಿಸಿತು.

ಆ ಕಾಯಿಲೆಯ ಹೆಸರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ. ಹಲವು ಸ್ನಾಯುಗಳ ನೋವು ಎಂದು ಅರ್ಥ. 1888ರಲ್ಲಿ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಬ್ರೂಸ್ ಐವರು ವೃದ್ಧರ ಇಂಥದೇ ನೋವನ್ನು ವಿವರಿಸಿ ಬರೆದರು. ಈಗಿನ ಹೆಸರು ಬಂದದ್ದು 1957ರಲ್ಲಿ, ಸ್ಟುವರ್ಟ್ ಬಾರ್ಬರ್ ಎಂಬ ಇಂಗ್ಲೆಂಡಿನ ವೈದ್ಯರಿಂದ. ಹೆಸರಿನಲ್ಲಿ ಸ್ನಾಯು ಇದ್ದರೂ ಸ್ನಾಯುವಿನೊಳಗೆ ಹುಡುಕಿದರೆ ಏನೂ ಸಿಗುವುದಿಲ್ಲ. ಉರಿ ಇರುವುದು ಹೆಗಲು ಮತ್ತು ಸೊಂಟದ ಕೀಲುಗಳ ಒಳಪದರದಲ್ಲಿ, ಕೀಲಿನ ಸುತ್ತ ಮೆತ್ತೆಯಂತೆ ಕೆಲಸ ಮಾಡುವ ಸಣ್ಣ ನೀರಿನ ಚೀಲಗಳಲ್ಲಿ, ಸ್ನಾಯುರಜ್ಜುಗಳ ಹೊದಿಕೆಯಲ್ಲಿ. ನೋವು ಅಲ್ಲಿಂದ ತೋಳಿಗೂ ತೊಡೆಗೂ ಹರಡಿ ಮಾಂಸಖಂಡವೇ ನೋಯುತ್ತಿದೆ ಅನ್ನಿಸುತ್ತದೆ. ಐವತ್ತು ವರ್ಷದೊಳಗಿನವರಿಗೆ ಇದು ಬರುವುದಿಲ್ಲ ಎನ್ನಬಹುದು. ಎಪ್ಪತ್ತರ ಆಸುಪಾಸಿನಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಉತ್ತರ ಯುರೋಪಿನವರಲ್ಲಿ ಇದು ಸಾಮಾನ್ಯ, ನಮ್ಮಲ್ಲಿ ಅಪರೂಪ. ಆದ್ದರಿಂದ ನಮ್ಮ ಕಡೆ ಮುದುಕಿಯೊಬ್ಬಳು ಹೆಗಲು ಎತ್ತಲಾಗದು ಎಂದರೆ ಇದೇ ಕಾಯಿಲೆ ಎಂದು ಹಾರಿ ತೀರ್ಮಾನಿಸುವಂತಿಲ್ಲ. ವಿಟಮಿನ್ ಡಿ ತೀರಾ ಕಡಿಮೆಯಾದರೂ ತೊಡೆ ಸೊಂಟ ಹಿಡಿದುಕೊಳ್ಳುತ್ತವೆ. ಥೈರಾಯ್ಡ್ ಕುಗ್ಗಿದರೂ ಹಾಗೆಯೇ. ಸಕ್ಕರೆ ಕಾಯಿಲೆಯವರಿಗೆ ಹೆಗಲು ಗಟ್ಟಿಯಾಗುವುದುಂಟು. ಕೊಲೆಸ್ಟರಾಲ್ ಇಳಿಸಲು ತೆಗೆದುಕೊಳ್ಳುವ ಅಟೋರ್ವಾಸ್ಟಾಟಿನ್‌ನಂಥ ಮಾತ್ರೆಗಳಿಂದಲೂ ಮೈನೋವು ಬರಬಹುದು. ಮೂಳೆಮಜ್ಜೆಯ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. ಇನ್ನೊಂದು ಇದೆ, ಸ್ನಾಯುವೇ ಉರಿದು ಸವೆಯುವ ಮಯೋಸೈಟಿಸ್. ಅಲ್ಲಿ ನೋವಿಗಿಂತ ಶಕ್ತಿಹೀನತೆ ಮುಂದು. ನೋವಿಲ್ಲದಿದ್ದರೂ ಕೈ ಏಳುವುದಿಲ್ಲ, ರಕ್ತದಲ್ಲಿ ಸಿ.ಪಿ.ಕೆ. ಎಂಬ ಅಂಶ ಏರಿರುತ್ತದೆ. ಅದಕ್ಕೆ ಬೇಕಾಗುವ ಸ್ಟೀರಾಯ್ಡ್ ಪ್ರಮಾಣ ಬಹಳ ಹೆಚ್ಚು. ದೊಡ್ಡವ್ವನಿಗೆ ಕೈ ಎತ್ತುವ ಶಕ್ತಿ ಇತ್ತು, ನೋವು ಮತ್ತು ಬಿಗಿತ ಬಿಡುತ್ತಿರಲಿಲ್ಲ.

ಮನೆಯವರು ಮೊದಲು ಮಾಡಿದ್ದು ಊರಲ್ಲಿ ಎಲ್ಲರೂ ಮಾಡುವುದನ್ನೇ. ವಾಯು ಹಿಡಿದಿದೆ ಎಂದು ಎಣ್ಣೆ ತಿಕ್ಕಿದರು. ಆಮೇಲೆ ಹತ್ತಿರದಲ್ಲಿ ಸೂಜಿ ಹಾಕುವವರ ಬಳಿ ಕರೆದುಕೊಂಡು ಹೋದರು. ಸೂಜಿ ಹಾಕಿಸಿದ ದಿನ ಸಂಜೆಗೇ ಆರಾಮ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಮೂರು ಬಣ್ಣದ ಮಾತ್ರೆ ಮುಗಿಯುವವರೆಗೂ ಆರಾಮ. ಮುಗಿದ ಎರಡನೇ ದಿನಕ್ಕೆ ನೋವು ವಾಪಸ್. ಎರಡು ತಿಂಗಳಲ್ಲಿ ಹೀಗೆ ಐದು ಸಲ. ಸೂಜಿಯಲ್ಲಿ ಏನಿತ್ತು, ಪೊಟ್ಟಣದಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಈ ರೂಢಿ ನಮ್ಮ ಸೀಮೆಗೆ ಹೊಸದಲ್ಲ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಕೀಲು ಹಿಡಿದು ಬಗ್ಗಿ ನಡೆಯುತ್ತಿದ್ದ ಜನ ಸೂಜಿಗೆ ಸಾಲು ನಿಂತದ್ದು ನನಗೆ ನೆನಪಿದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್‌ಗಳು ಯಾವ ಉರಿಯೂತವನ್ನಾದರೂ ಕೆಲಹೊತ್ತು ತಣಿಸುತ್ತವೆ. ರೋಗ ಯಾವುದು ಎಂದು ಗೊತ್ತಾಗುವ ಮೊದಲೇ ನೋವು ಹೋಗಿರುತ್ತದೆ. ಕೊಟ್ಟವರ ಕೈಗುಣಕ್ಕೆ ಹೆಸರು ಬರುತ್ತದೆ, ಔಷಧಿಯ ಹೆಸರು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಒಂದು ಕಡೆ, ನಾನೊಂದು ಕಡೆ ಹಿಡಿದೆವು. ಅಲ್ಲಿನ ವೈದ್ಯರು ಕೈ ಎತ್ತಿಸಿ, ಕುರ್ಚಿಯಿಂದ ಎಬ್ಬಿಸಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ: “ಸೂಜಿ ಹಾಕಿಸಿದ ಮೇಲೆ ಎಷ್ಟು ದಿನ ಆರಾಮ ಇರ್ತಿತ್ತು ಅಜ್ಜಿ?” ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಅದರಲ್ಲಿ ಇ.ಎಸ್.ಆರ್. ಎಂಬ ಹಳೆಯ, ಸುಲಭದ ಪರೀಕ್ಷೆಯಿದೆ. ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಒಂದು ಗಂಟೆ ನೆಟ್ಟಗೆ ನಿಲ್ಲಿಸಿ, ಕೆಂಪುಕಣ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಎಂದು ಅಳೆಯುತ್ತಾರೆ. ಮೈಯಲ್ಲಿ ಉರಿಯೂತ ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಅವಳ ವಯಸ್ಸಿನ ಹೆಂಗಸಿಗೆ ಮೂವತ್ತರ ಹತ್ತಿರ ಇರಬಹುದಾದದ್ದು ಎಪ್ಪತ್ತು ದಾಟಿತ್ತು. ಉರಿಯೂತವನ್ನೇ ತೋರಿಸುವ ಸಿ.ಆರ್.ಪಿ. ಎಂಬ ಅಂಶವೂ ಏರಿತ್ತು. ಥೈರಾಯ್ಡ್, ವಿಟಮಿನ್ ಡಿ, ಸಿ.ಪಿ.ಕೆ., ಎದೆಯ ಎಕ್ಸ್‌ರೇ ಎಲ್ಲ ನೋಡಿ, ಬೇರೆ ಕಾರಣಗಳನ್ನು ಒಂದೊಂದಾಗಿ ಬದಿಗಿಟ್ಟು, ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಆಮೇಲೆ ಔಷಧಿಯ ಹೆಸರನ್ನೂ ಹೇಳಿದರು. ಪ್ರೆಡ್ನಿಸೊಲೋನ್, ದಿನಕ್ಕೆ 15 ಮಿಲಿಗ್ರಾಂ. “ಇದು ಸ್ಟೀರಾಯ್ಡ್” ಎಂದು ಬಿಡಿಸಿಯೇ ಹೇಳಿದರು.

ನಮ್ಮ ಮನೆಯವರು ಹೆದರಿದ್ದು ಆಗ. ಐದು ಸಲ ಹೆಸರಿಲ್ಲದ ಸೂಜಿ ಹಾಕಿಸುವಾಗ ಇರದ ಭಯ ಹೆಸರು ಕೇಳಿದ ಕೂಡಲೇ ಬಂತು. “ಕೊರೊನಾದಾಗೆ ಇದನ್ನೇ ಕೊಟ್ಟು ಕಣ್ಣು ಕಿತ್ತರಂತಲ್ಲ” ಎಂದ ದೊಡ್ಡವ್ವನ ಮಗ. ಆ ಭಯಕ್ಕೆ ಕಾರಣವಿದೆ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಕರ್ನಾಟಕದಲ್ಲಿ ಸಾವಿರಾರು ಜನರನ್ನು ಹಿಡಿಯಿತು, ಎಷ್ಟೋ ಜನರ ಕಣ್ಣು ಹೋಯಿತು, ಜೀವವೂ ಹೋಯಿತು. ಹತೋಟಿಯಿಲ್ಲದ ಸಕ್ಕರೆ ಮತ್ತು ಅತಿಯಾದ ಸ್ಟೀರಾಯ್ಡ್ ಒಟ್ಟಿಗೆ ಸೇರಿದ್ದು ಅದಕ್ಕೆ ದೊಡ್ಡ ಕಾರಣವಾಗಿತ್ತು. ಆದರೆ ಅದೇ ಕೊರೊನಾದಲ್ಲಿ ಜೀವ ಉಳಿಸಿದ್ದೂ ಸ್ಟೀರಾಯ್ಡೇ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್‌ನಿಂದ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗಿತೆಂದು ತೋರಿಸಿತು. ಯಾರಿಗೆ, ಎಷ್ಟು, ಎಷ್ಟು ದಿನ, ಯಾರ ಕಣ್ಗಾವಲಲ್ಲಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದೂ ಇಷ್ಟೇ. ಅಪಾಯ ಹೆಚ್ಚಿರುವುದು ಗುಟ್ಟಾಗಿ ಕೊಟ್ಟ ಸ್ಟೀರಾಯ್ಡ್‌ನಲ್ಲಿ. ಹೆಸರು, ಪ್ರಮಾಣ, ದಿನಾಂಕ ಬರೆದಿಟ್ಟು ತೆಗೆದುಕೊಂಡದ್ದು ಮನುಷ್ಯರನ್ನು ಹಾಸಿಗೆಯಿಂದ ಎಬ್ಬಿಸುತ್ತದೆ.

ಎಬ್ಬಿಸುತ್ತದೆ ಎಂಬುದು ಬರಿಯ ಮಾತಲ್ಲ. 1948ರ ಸೆಪ್ಟೆಂಬರ್ 21ರಂದು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರ ತಂಡ ಸಂಧಿವಾತದಿಂದ ನಡೆಯಲಾರದೆ ಮಲಗಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಚುಚ್ಚಿತು. ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಅವರಿಗೂ ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಕ್‌ಸ್ಟೈನ್ ಅವರಿಗೂ ನೊಬೆಲ್ ಬಂತು. ಆಗ ಕೊಡುತ್ತಿದ್ದ ಪ್ರಮಾಣ ವಿಪರೀತ. ಮುಖ ಊದುವುದು, ಮೂಳೆ ಸವೆಯುವುದು, ಮನಸ್ಸು ಕದಡುವುದು ಬೇಗನೆ ಬೆಳಕಿಗೆ ಬಂದವು. ಪ್ರೆಡ್ನಿಸೊಲೋನ್ ಬಳಕೆಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಇದು ಇಂದು ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ವೈಸೊಲೋನ್, ಓಮ್ನಾಕಾರ್ಟಿಲ್ ಎಂಬ ಹೆಸರುಗಳಲ್ಲಿ ಸಿಗುತ್ತದೆ, ಬೆಲೆಯೂ ಕಡಿಮೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಗರಡಿಮನೆ, ಜಿಮ್‌ಗಳಲ್ಲಿ ಮೈ ಉಬ್ಬಿಸಲು ಬಳಸುವ ಸ್ಟೀರಾಯ್ಡ್‌ಗೂ ಇದಕ್ಕೂ ಸಂಬಂಧವಿಲ್ಲ, ಆ ಗುಂಪೇ ಬೇರೆ.

ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರೀನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ದಿನವೂ ಮಾಡುತ್ತವೆ. ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ ಸುಮಾರು 5 ಮಿಲಿಗ್ರಾಂನಷ್ಟು. ನಸುಕಿನಲ್ಲಿ ಅದರ ಮಟ್ಟ ಏರುತ್ತದೆ, ರಾತ್ರಿಗೆ ಇಳಿಯುತ್ತದೆ. ಮಾತ್ರೆಯನ್ನು ಬೆಳಗಿನ ತಿಂಡಿಯ ಜೊತೆ ಒಂದೇ ಸಲ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ. ಸಂಜೆ ತೆಗೆದುಕೊಂಡರೆ ನಿದ್ದೆ ಬಾರದೆ ಹೊರಳಾಡಬೇಕಾಗುತ್ತದೆ. ಹೊರಗಿನಿಂದ 15 ಮಿಲಿಗ್ರಾಂ ದಿನವೂ ಬರತೊಡಗಿದರೆ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ನಾಲೆಯ ನೀರು ದಿನವೂ ಬರುವ ತೋಟದವರು ಬಾವಿಯ ಮೋಟಾರಿನ ಕಡೆ ತಿರುಗಿ ನೋಡದೆ ಇದ್ದಂತೆ. ಒಂದು ದಿನ ಏಕಾಏಕಿ ನಾಲೆ ನಿಂತರೆ ತುಕ್ಕು ಹಿಡಿದ ಮೋಟಾರು ಎದ್ದು ಓಡುವುದಿಲ್ಲ. ಮೂರು ವಾರಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಸುಸ್ತು, ವಾಂತಿ, ತಲೆಸುತ್ತು, ಬಿ.ಪಿ. ಕುಸಿತ ಎಲ್ಲ ಬರಬಹುದು, ಜೀವಕ್ಕೇ ಸಂಚಕಾರವಾಗಬಹುದು. ನನ್ನನ್ನು ಕೇಳಿದರೆ, ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಮೊದಲು ಬರೆಯಬೇಕಾದದ್ದು ಇದು. ನಮ್ಮಲ್ಲಿ “ಆರಾಮಾಯ್ತು, ಇನ್ಯಾಕೆ ಮಾತ್ರೆ” ಎಂದು ಬಿಡುವವರೇ ಬಹಳ.

ಮೊದಲ ಮಾತ್ರೆ ನುಂಗಿದ್ದು ಒಂದು ಸೋಮವಾರ. 5 ಮಿಲಿಗ್ರಾಂನ ಮೂರು ಮಾತ್ರೆ, ಅರ್ಧ ರೊಟ್ಟಿ ತಿಂದ ಮೇಲೆ. ಮಂಗಳವಾರ ಅಷ್ಟೇನೂ ಬದಲಾವಣೆ ಇರಲಿಲ್ಲ. ಬುಧವಾರ ಬೆಳಿಗ್ಗೆ ಸೊಸೆ ಬಾಚಣಿಗೆ ಹಿಡಿದು ಕೋಣೆಗೆ ಹೋದರೆ ದೊಡ್ಡವ್ವ ಹಾಸಿಗೆಯ ಅಂಚಿಗೆ ಕೂತು ಎರಡೂ ಕೈ ತಲೆಯ ಹಿಂದೆ ಒಯ್ದು ಕೂದಲು ಸುತ್ತುತ್ತಿದ್ದಳು. ಬಾಯಲ್ಲಿ ಎರಡು ಪಿನ್ನು. ಮಾತಾಡಲಿಲ್ಲ. ತುರುಬು ಕಟ್ಟಿ, ಪಿನ್ನು ಸಿಕ್ಕಿಸಿ, ಮುಟ್ಟಿ ನೋಡಿಕೊಂಡಳು. ಸೊಸೆ ಬಾಗಿಲಲ್ಲೇ ಕಣ್ಣೊರೆಸಿಕೊಂಡಳಂತೆ. ಅವಳೇ ನನಗೆ ಫೋನ್ ಮಾಡಿ ಹೇಳಿದಳು, “ಅತ್ತೆ ತಾವೇ ತಲೆ ಬಾಚ್ಕಂಡ್ರು” ಎಂದು.

ಈ ಕಾಯಿಲೆಯಲ್ಲಿ ಇಷ್ಟು ಬೇಗ ಗುಣ ಕಾಣುವುದೇ ರೂಢಿ, ಮೂರು ದಿನದಿಂದ ಒಂದು ವಾರ. ಸರಿಯಾದ ಪ್ರಮಾಣ ಕೊಟ್ಟರೂ ಎರಡು ವಾರದಲ್ಲಿ ಏನೂ ಆಗದಿದ್ದರೆ ವೈದ್ಯರು ಮಾತ್ರೆ ಏರಿಸುತ್ತ ಹೋಗುವ ಬದಲು ಕಾಯಿಲೆಯೇ ಬೇರೆಯಿರಬಹುದೇ ಎಂದು ಮತ್ತೆ ಯೋಚಿಸಬೇಕಾಗುತ್ತದೆ. ಗುಣವಾಯಿತು ಎಂಬ ಒಂದೇ ಕಾರಣಕ್ಕೆ ಕಾಯಿಲೆ ಇದೇ ಎಂದೂ ಹೇಳಲಾಗದು. ಸ್ಟೀರಾಯ್ಡ್ ಬಹಳ ಬಗೆಯ ನೋವಿನ ಬಾಯಿ ಮುಚ್ಚಿಸುತ್ತದೆ. ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಘಗಳು ಸೇರಿ 2015ರಲ್ಲಿ ಕೊಟ್ಟ ಸಲಹೆಯಂತೆ ಶುರುವಿನ ಪ್ರಮಾಣ ದಿನಕ್ಕೆ 12.5ರಿಂದ 25 ಮಿಲಿಗ್ರಾಂ. ಮೂವತ್ತಕ್ಕಿಂತ ಹೆಚ್ಚು ಬೇಡವೇ ಬೇಡ ಎಂದಿದ್ದಾರೆ. ಸಕ್ಕರೆ, ಮೂಳೆ ಸವೆತ, ಕಣ್ಣಿನ ಒತ್ತಡ ಇದ್ದವರಿಗೆ ಕಡಿಮೆಯ ತುದಿಯಿಂದ ಶುರು.

ದೊಡ್ಡವ್ವನಿಗೆ ಸಕ್ಕರೆ ಗಡಿಯಲ್ಲಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿ ಎಲ್ಲ ಸರಿ ಇದೆ ಎಂದು ಸುಮ್ಮನಾಗುವವರಿದ್ದಾರೆ. ಬೆಳಿಗ್ಗೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ. ಆ ಹೊತ್ತಿನಲ್ಲೇ ಬೆರಳು ಚುಚ್ಚಿ ನೋಡಬೇಕು. ಅವಳದ್ದು ಸಂಜೆ ನಾಲ್ಕಕ್ಕೆ ಇನ್ನೂರು ಮೀರಿತ್ತು, ಸಕ್ಕರೆಗೂ ಮಾತ್ರೆ ಶುರು ಮಾಡಬೇಕಾಯಿತು.

ಮೂಳೆಯ ವಿಷಯದಲ್ಲಿ ಕಾಯುವಂತಿಲ್ಲ, ಮೊದಲ ತಿಂಗಳುಗಳಲ್ಲೇ ಸವೆತ ಜೋರು. ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲ ದಿನದಿಂದಲೇ ಬೇಕು. ಕೆಲವರಿಗೆ ವಾರಕ್ಕೊಮ್ಮೆ ನುಂಗುವ ಮೂಳೆ ಗಟ್ಟಿ ಮಾಡುವ ಮಾತ್ರೆಯೂ ಬೇಕಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಹಾಗಾಗಿ ಮನೆಯಲ್ಲಿ ಮಧ್ಯಾಹ್ನದ ಅನ್ನ ಕಡಿಮೆಯಾಗಿ ಮುದ್ದೆ ಬಂತು. ಉಪ್ಪಿನಕಾಯಿಯ ಜಾಡಿ ಅಟ್ಟ ಸೇರಿತು. ಉಪ್ಪು ಹೆಚ್ಚಾದರೆ ಬಿ.ಪಿ.ಯೂ ಊತವೂ ಹೆಚ್ಚು. ಮೊದಲಿನ ನೋವಿನ ಮಾತ್ರೆಗಳನ್ನು ಪೂರ್ತಿ ನಿಲ್ಲಿಸಿದೆವು. ಡೈಕ್ಲೋಫೆನಾಕ್‌ನಂಥವು ಸ್ಟೀರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುವ ಅಪಾಯ ಬಹಳ. ಇನ್ನೊಂದು, ನಮ್ಮ ದೇಶದಲ್ಲಿ ಮರೆಯಲೇಬಾರದ್ದು, ಕ್ಷಯ. ಎಷ್ಟೋ ಜನರ ಮೈಯಲ್ಲಿ ಅದು ಮಲಗಿರುತ್ತದೆ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಎದ್ದು ಬರಬಹುದು. ಎದೆಯ ಎಕ್ಸ್‌ರೇ ತೆಗೆಸಿದ್ದು, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ ಎಂದು ವೈದ್ಯರು ಎರಡೆರಡು ಸಲ ಕೇಳಿದ್ದು ಅದಕ್ಕೇ.

ಒಂದು ಎಚ್ಚರಿಕೆಯನ್ನು ವೈದ್ಯರು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದರು. ಈ ಕಾಯಿಲೆಗೆ ಒಂದು ಕೆಟ್ಟ ಒಡಹುಟ್ಟು ಇದೆ, ತಲೆಯ ರಕ್ತನಾಳಗಳ ಉರಿಯೂತ, ಜೈಂಟ್ ಸೆಲ್ ಆರ್ಟರೈಟಿಸ್. ಕಣತಲೆಯಲ್ಲಿ ಹೊಸದಾಗಿ ಬಂದ ನೋವು, ಬಾಚಣಿಗೆ ತಾಗಿದರೂ ನೆತ್ತಿ ನೋಯುವುದು, ಒಂದು ಕ್ಷಣ ಕಣ್ಣು ಮಂಜಾಗಿ ತಿಳಿಯಾಗುವುದು, ಅಗಿಯುತ್ತ ಅಗಿಯುತ್ತ ದವಡೆ ಸೋತು ನೋವೇಳುವುದು. ನಮ್ಮದು ಅಡಿಕೆ ಸೀಮೆ. ದೊಡ್ಡವ್ವ ಎಲೆಅಡಿಕೆ ಬಿಟ್ಟವಳಲ್ಲ. “ಅಡಿಕೆ ಅಗಿಯುವಾಗ ದವಡೆ ನೋಯ್ತು ಅಂದ್ರೆ ಹಲ್ಲು ನೋವು ಅಂತ ಸುಮ್ಮನಿರಬೇಡಿ” ಎಂದರು. ಆ ರಕ್ತನಾಳ ಕಟ್ಟಿಕೊಂಡರೆ ಕಣ್ಣು ಹೋಗುತ್ತದೆ, ಹೋದ ಕಣ್ಣು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಅಲ್ಲಿ ಪ್ರಮಾಣ ದಿನಕ್ಕೆ 40ರಿಂದ 60 ಮಿಲಿಗ್ರಾಂ, ಅದೂ ಅವತ್ತೇ ಶುರುವಾಗಬೇಕು. ನ್ಯಾಮತಿಯಿಂದಾದರೆ ರಾತ್ರಿಯಾದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ದಾವಣಗೆರೆಗೋ ಹೊರಡಬೇಕು, ಬೆಳಗಿನ ಬಸ್ಸಿಗೆ ಕಾಯಬಾರದು.

ಇನ್ನು ಇಳಿಸುವ ಲೆಕ್ಕ. ಮೊದಲ ಒಂದೆರಡು ತಿಂಗಳಲ್ಲಿ 15ರಿಂದ 10ಕ್ಕೆ. ಅಲ್ಲಿಂದ ಮುಂದೆ ತಿಂಗಳಿಗೆ ಒಂದೇ ಒಂದು ಮಿಲಿಗ್ರಾಂ. ಒಂದು ಮಿಲಿಗ್ರಾಂ ಮಾತ್ರೆ ಸುಲಭವಾಗಿ ಸಿಗದಿದ್ದರೆ ಒಂದು ದಿನ 10, ಮರುದಿನ 7.5 ಎಂದು ದಿನಬಿಟ್ಟು ದಿನ ಕೊಡುವ ಉಪಾಯವೂ ಇದೆ. ಒಟ್ಟು ಒಂದರಿಂದ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ನಡುವೆ ನೋವು ಮರಳುವುದು ಬಹಳ ಮಂದಿಗೆ ಆಗುತ್ತದೆ. ಆಗ ಹಿಂದಿನ ಮೆಟ್ಟಿಲಿಗೆ ಹತ್ತಿ ಮತ್ತೆ ನಿಧಾನವಾಗಿ ಇಳಿಯಬೇಕು. ಪದೇ ಪದೇ ಮರಳುವವರಿಗೆ ಮೆಥೊಟ್ರೆಕ್ಸೇಟ್ ಸೇರಿಸುವುದುಂಟು. 2023ರಲ್ಲಿ ಅಮೆರಿಕದಲ್ಲಿ ಸಾರಿಲುಮಾಬ್ ಎಂಬ ಚುಚ್ಚುಮದ್ದಿಗೂ ಒಪ್ಪಿಗೆ ಸಿಕ್ಕಿದೆ. ದುಬಾರಿ ಮದ್ದು ಅದು.

ದೊಡ್ಡವ್ವನ ಮನೆಯಲ್ಲಿ ಈ ಲೆಕ್ಕ ನೋಡಿಕೊಳ್ಳುವವಳು ಎಂಟನೇ ತರಗತಿಯ ಮೊಮ್ಮಗಳು. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಾರೀಕು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಸಂಜೆಯ ಸಕ್ಕರೆ ಎಂದು ನಾಲ್ಕು ಕಲಂ ಮಾಡಿದ್ದಾಳೆ. ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ, “ಅಜ್ಜಿ ಪ್ರೆಡ್ನಿಸೊಲೋನ್ ತಗೊಳ್ತಾರೆ. ನಿಲ್ಲಿಸಬಾರದು.” ಮಾತ್ರೆ ನುಂಗಲಾಗದಷ್ಟು ವಾಂತಿಯಾದರೆ, ಜೋರು ಜ್ವರ ಬಂದರೆ, ಬಿದ್ದು ಮೂಳೆ ಮುರಿದರೆ, ಆಪರೇಷನ್ ಎಂದರೆ, ನೋಡುವ ವೈದ್ಯರಿಗೆ ಮೊದಲು ಗೊತ್ತಾಗಬೇಕಾದದ್ದು ಆ ಒಂದು ಸಾಲು. ಅಂಥ ಹೊತ್ತಿನಲ್ಲಿ ಮೈಗೆ ಹೆಚ್ಚು ಸ್ಟೀರಾಯ್ಡ್ ಬೇಕಾಗುತ್ತದೆ, ಮಲಗಿರುವ ಗ್ರಂಥಿ ಅದನ್ನು ಒದಗಿಸಲಾರದು.

ಮುಖ ಸ್ವಲ್ಪ ದುಂಡಗಾಗಿದೆ. ಹಸಿವು ಹೆಚ್ಚು. ಪ್ರಮಾಣ ಇಳಿದಂತೆ ಅವೂ ಇಳಿಯುತ್ತವೆ ಎಂದು ಹೇಳಿದ್ದೇವೆ. ಈಗ 9ರಲ್ಲಿದ್ದಾಳೆ. ಹೋದ ತಿಂಗಳು ಅಲುಗಾಡುತ್ತಿದ್ದ ಒಂದು ಹಲ್ಲು ಕೀಳಿಸಲು ನ್ಯಾಮತಿಗೆ ಕರೆದುಕೊಂಡು ಹೋಗಿದ್ದೆ. ಕುರ್ಚಿಯಲ್ಲಿ ಕೂರಿಸಿ ಡಾಕ್ಟರು ಬಾಯಿ ತೆರೆಯಿರಿ ಎಂದರು. ದೊಡ್ಡವ್ವ ತೆರೆಯಲಿಲ್ಲ. ಸೀರೆಯ ಮಡಿಲಿನಿಂದ ನೋಟ್‌ಬುಕ್ ತೆಗೆದು, ರಟ್ಟಿನ ಕೆಂಪು ಅಕ್ಷರ ಅವರ ಕಡೆಗೆ ತಿರುಗಿಸಿ ಹಿಡಿದಳು. “ಮೊದ್ಲು ಇದನ್ನ ಓದ್ರಿ ಡಾಕ್ಟ್ರೇ” ಎಂದಳು.